ಹೊಲಿಗೆ ಮೆಷಿನ್ ಪಕ್ಕದ ಕಂಪ್ಯೂಟರ್

ನಮ್ಮನೆ ಚಿಕ್ಕಮಗಳೂರು ಟೌನಲ್ಲೇ, ಎರಡು ರೂಮಿನ ಮನೆ. ಮುಂದಿನ ರೂಮಲ್ಲಿ ಕಿಟಕಿ ಹತ್ರ ಅಮ್ಮನ ಹೊಲಿಗೆ ಮೆಷಿನ್ನು, ಅದರ ಪಕ್ಕ ಒಂದು ಮರದ ಟೇಬಲ್ಲು. ಆ ಟೇಬಲ್ಲಲ್ಲಿ ಮುಕ್ಕಾಲು ಭಾಗ ಅಮ್ಮಂದು, ಕಟ್ ಮಾಡಿಟ್ಟ ಬ್ಲೌಸ್ ಪೀಸು, ಫಾಲ್ ಹಚ್ಚಕ್ಕೆ ಬಂದಿರೋ ಸೀರೆಗಳು, ದಾರದ ಉಂಡೆ ಎಲ್ಲ ಅಲ್ಲೇ ಇರತ್ತೆ, ಉಳಿದ ಕಾಲು ಭಾಗದಲ್ಲಿ ನಂದೂ ತಮ್ಮಂದೂ ಸೇರಿ ಒಂದು ಹಳೆ ಲ್ಯಾಪ್‌ಟಾಪು. ನಾನು ವರ್ಕ್ ಫ್ರಮ್ ಹೋಂ, ಅವನು ಇಂಜಿನಿಯರಿಂಗ್ ಎರಡನೇ ವರ್ಷ. ಆ ಲ್ಯಾಪ್‌ಟಾಪಲ್ಲಿ ಗೇಮ್ ಇರ್ಲಿ, ಅವನ ಕಾಲೇಜಿನ ಸಾಫ್ಟ್‌ವೇರ್ ಓಪನ್ ಆಗಕ್ಕೇ ಐದು ನಿಮಿಷ ಬೇಕಿತ್ತು. ಎರಡು ವರ್ಷ ಕಟ್ಟಿದ್ದ ಚೀಟಿ 2024ರ ಜೂನಲ್ಲಿ ಎತ್ತಿದೆ, ಕೈಗೆ ಒಂದು ಲಕ್ಷದ ಹತ್ರ ಬಂತು, ಅವತ್ತೇ ಇಬ್ಬರೂ ಕೂತು ಡಿಸೈಡ್ ಮಾಡಿದ್ವಿ, ಗೇಮಿಂಗ್ ಪಿಸಿ ನಾವೇ ಜೋಡಿಸೋದು ಅಂತ.

ಅಮ್ಮ ಒಂದೇ ಕಂಡೀಷನ್ ಹಾಕಿದ್ರು. "ನನ್ನ ಟೇಬಲ್ ಬಿಡಲ್ಲ ಕಣೋ, ಶ್ರಾವಣ ಬಂತು ಅಂದ್ರೆ ಬ್ಲೌಸ್ ರಾಶಿ ಬೀಳತ್ತೆ, ಆ ಮೂಲೇಲಿ ಎಷ್ಟು ಜಾಗ ಇದೆಯೋ ಅಷ್ಟರಲ್ಲೇ ನಿಮ್ಮದು ಮುಗೀಬೇಕು." ಅಂದವರೇ ಕುತ್ತಿಗೇಲಿದ್ದ ಟೇಪ್ ತೆಗೆದು ಅಳೆದೇ ಬಿಟ್ರು. ಅಗಲ ಎಂಟು ಇಂಚು, ಉದ್ದ ಹದಿನಾರು ಇಂಚು. ಅಷ್ಟೇ.

ಮಾಮೂಲಿ ಟವರ್ ಕೇಸ್, ಅದೇ ಪಾರ್ಟೆಲ್ಲ ಕೂರೋ ಡಬ್ಬಿ, ಅಂದ್ರೆ 40 ಲೀಟರ್ ಮೇಲೇನೇ ಇರತ್ತೆ, ಅದು ಅಲ್ಲಿ ಕೂರಲ್ಲ, ನೆಲದ ಮೇಲೆ ಇಡೋಣ ಅಂದ್ರೆ ನಮ್ಮೂರ ಮಳೆಗಾಲದಲ್ಲಿ ನೆಲ ಬೆವರತ್ತೆ, ನಮ್ಮನೇಲಿ ಬೀರು ಕೆಳಗಿನ ಚಪ್ಪಲಿಗೂ ಬೂಷ್ಟು ಬರತ್ತೆ, ಅಲ್ಲಿ ಕಂಪ್ಯೂಟರ್ ಇಡೋ ಮಾತೇ ಇಲ್ಲ. ಹಂಗಾಗಿ ಮಿನಿ ಐಟಿಎಕ್ಸ್ ಅಂತ, ಪಾರ್ಟೆಲ್ಲ ಕೂರಿಸೋ ಬೋರ್ಡೇ ಚಿಕ್ಕ ಸೈಜಿಂದು, ಅದಕ್ಕೆ ಹೊರಟಿದ್ದು. ಈ ಮದರ್‌ಬೋರ್ಡು 17 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲ, ಒಂದು ಅಕ್ಕಿ ರೊಟ್ಟಿಗಿಂತ ಚಿಕ್ಕದು. ಕೇಸು ಸುಮಾರು 18 ಲೀಟರ್, ಅಂಗಡೀಲಿ ಸಿಗೋ 15 ಕೆಜಿ ಎಣ್ಣೆ ಟಿನ್ ಇದೆಯಲ್ಲ ಅದಕ್ಕಿಂತ ಚೂರು ದೊಡ್ಡದು ಅಷ್ಟೇ, ಅಗಲ ಹದಿನೆಂಟೂವರೆ ಸೆಂಟಿಮೀಟರ್. ಅಮ್ಮ ಕೊಟ್ಟ ಎಂಟು ಇಂಚಲ್ಲಿ ಕೂರತ್ತೆ.

ಚಿಕ್ಕದು ಅಂದ್ರೆ ಕಡಿಮೆ ರೇಟು ಅನ್ಕೋಬೇಡಿ, ಉಲ್ಟಾ. ಒಂದು ಸೈಜ್ ದೊಡ್ಡದು ಮೈಕ್ರೋ ಎಟಿಎಕ್ಸ್ ಬೋರ್ಡ್ ತಗೊಂಡಿದ್ರೆ ನಮಗೆ ಏಳೆಂಟು ಸಾವಿರ ಉಳೀತಿತ್ತು, ಜಾಗ ಇರೋರು ಅದನ್ನೇ ತಗೊಳ್ಳಿ ಅಂತ ನಾನು ಮನಸ್ಸಾರೆ ಹೇಳ್ತೀನಿ. ಇನ್ನೊಂದು, ಐಟಿಎಕ್ಸ್ ಬೋರ್ಡಲ್ಲಿ ರ‍್ಯಾಮ್ ಹಾಕಕ್ಕೆ ಎರಡೇ ಸ್ಲಾಟು. ಈಗ 8 ಜಿಬಿದು ಎರಡು ಹಾಕಿ ಆಮೇಲೆ ಸೇರಿಸ್ತೀನಿ ಅಂದ್ರೆ ಆಗಲ್ಲ, ಇದ್ದಿದ್ದು ತೆಗೀಬೇಕಾಗತ್ತೆ, ಅದಕ್ಕೆ ಮೊದಲೇ 16 ಜಿಬಿದು ಎರಡು ತಗೊಂಡ್ವಿ. ಪ್ರೊಸೆಸರ್ ರೈಜೆನ್ 5 7600, ಆರು ಕೋರು, 65 ವ್ಯಾಟ್, ಬಾಕ್ಸಲ್ಲೇ ಕೂಲರ್ ಬರತ್ತೆ. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060, 8 ಜಿಬಿ, ಅದು ಎಳೆಯೋದು 115 ವ್ಯಾಟ್ ಅಷ್ಟೇ. ಚಿಕ್ಕ ಡಬ್ಬಿಗೆ ಹೊಂದೋದೇ ಇಂಥದ್ದು, ಕರೆಂಟು ಜಾಸ್ತಿ ತಿನ್ನೋ ಪಾರ್ಟ್ ಹಾಕಿದ್ರೆ ಅಷ್ಟೂ ಬಿಸಿ ಆ ಸಣ್ಣ ಜಾಗದಲ್ಲೇ ಸುತ್ತತ್ತೆ.

ಕಾರ್ಡ್ ಆರಿಸೋವಾಗ್ಲೇ ನನಗೆ ಅಮ್ಮನ ಮಾತು ಕೆಲಸಕ್ಕೆ ಬಂದಿದ್ದು. ಮೂರು ಫ್ಯಾನಿಂದು ಒಂದಿತ್ತು, ನೋಡಕ್ಕೆ ತುಂಬಾ ಚೆನ್ನಾಗಿತ್ತು, ಕೇಸ್ ಒಳಗಿನ ಉದ್ದಕ್ಕೆ ಕರೆಕ್ಟಾಗಿ ಕೂರತ್ತೆ ಅಂತ ಪೇಪರ್ ಮೇಲೆ ಲೆಕ್ಕ ಹಾಕಿ ಅಮ್ಮನಿಗೆ ತೋರಿಸ್ದೆ. ಅವರು ಬ್ಲೌಸಿನ ತೋಳು ತಿರುಗಿಸ್ತಾ ಕೇಳಿದ್ರು, "ಮಾರ್ಜಿನ್ ಎಲ್ಲಿ ಬಿಟ್ಟಿದೀಯ?" ಅಂತ. ಮೈ ಅಳತೆ 36 ಅಂದ್ರೆ ಬಟ್ಟೆ 36ಕ್ಕೇ ಕಟ್ ಮಾಡಲ್ಲ, ಹೊಲಿಗೆಗೆ ಅಂತ ಒಳಗೆ ಬಟ್ಟೆ ಬಿಡಬೇಕು, ಉಸಿರಾಡಕ್ಕೆ ಸ್ವಲ್ಪ ಲೂಸ್ ಬಿಡಬೇಕು, ಕರೆಕ್ಟ್ ಅಳತೆಗೆ ಕಟ್ ಮಾಡಿದ್ರೆ ಬಟ್ಟೆ ಹಾಳು ಅಂತ ಹೇಳಿ ಮತ್ತೆ ಪೆಡಲ್ ತುಳಿಯಕ್ಕೆ ಶುರು ಮಾಡಿದ್ರು. ನಾನು ವಾಪಸ್ ಬಂದು ನೋಡ್ತೀನಿ, ಕಾರ್ಡಿನ ಉದ್ದ ಮಾತ್ರ ಲೆಕ್ಕ ಹಾಕಿದೀನಿ, ಅದಕ್ಕೆ ಚುಚ್ಚೋ 8 ಪಿನ್ ಕೇಬಲ್ಲು ಸೈಡ್ ಪ್ಯಾನಲ್ ಕಡೆಗೆ ಬರತ್ತೆ, ಅದು ಬಗ್ಗಕ್ಕೆ ಎರಡು ಬೆರಳು ಜಾಗ ಬೇಕು, ಅದನ್ನ ಬಿಟ್ಟೇ ಇಲ್ಲ. ಆ ಮೂರು ಫ್ಯಾನಿನ ಕಾರ್ಡ್ ಉದ್ದ ಅಷ್ಟೇ ಅಲ್ಲ ಎತ್ತರಾನೂ ಜಾಸ್ತಿ, ಪ್ಯಾನಲ್ ಹಾಕಿದ್ರೆ ಕೇಬಲ್ ಒತ್ತಿಕೊಳ್ತಿತ್ತು. ಎರಡು ಫ್ಯಾನಿಂದೇ ಸಾಕು ಅಂತ ಆಯ್ತು.

ಪವರ್ ಸಪ್ಲೈ ವಿಷಯ ಇನ್ನೂ ಕಷ್ಟ. ಆಫೀಸ್ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ಸುತ್ತಿದೆ, ಒಂದು ಅಂಗಡಿಯವ್ರು ಮಾಮೂಲಿ ಎಟಿಎಕ್ಸ್ ಸಪ್ಲೈನೇ ಕೊಟ್ಟು ಇದೇ ಕೂರತ್ತೆ ತಗೊಂಡೋಗಿ ಅಂದ್ರು. ನನ್ನ ಜೇಬಲ್ಲಿ ಅಮ್ಮನ ಟೇಪ್ ಇತ್ತು. ಅಳೆದೆ, ಅಗಲ 15 ಸೆಂಟಿಮೀಟರ್ ಬಂತು. ನಮಗೆ ಬೇಕಿದ್ದ ಎಸ್‌ಎಫ್‌ಎಕ್ಸ್ ಅಂದ್ರೆ ಅಗಲ ಹನ್ನೆರಡೂವರೆ, ಆಳ 10, ಎತ್ತರ ಆರು ಚಿಲ್ಲರೆ. ಆಮೇಲೆ ಇನ್ನೊಂದು ಅಂಗಡೀಲಿ 650 ವ್ಯಾಟಿಂದು ಸಿಕ್ತು. ಬಿಲ್ಲು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಎಲ್ಲ ಸೇರಿ ಚೀಟಿ ದುಡ್ಡಲ್ಲಿ ಬಸ್ ಚಾರ್ಜ್ ಉಳೀತು. ರಾತ್ರಿ ಮೆಜೆಸ್ಟಿಕ್ಕಿಂದ ಬಸ್ಸು, ಗ್ರಾಫಿಕ್ಸ್ ಕಾರ್ಡ್ ತೊಡೆ ಮೇಲೆ ಇಟ್ಕೊಂಡು ಕೂತೆ, ಹಾಸನ ದಾಟಿದ್ಮೇಲೆ ಮಳೆ ಶುರುವಾಯ್ತು, ಬೇಲೂರು ಬರೋ ಹೊತ್ತಿಗೆ ಬಸ್ಸಿನ ಕಿಟಕಿ ಸಂದೀಲಿ ನೀರು ಒಳಗೆ ಬರ್ತಿತ್ತು, ಜರ್ಕಿನ್ ಬಿಚ್ಚಿ ಕಾರ್ಡಿಗೆ ಸುತ್ತಿದೆ.

ಜೋಡಿಸಿದ್ದು ಜುಲೈ ಮೂರನೇ ಭಾನುವಾರ. ಪುನರ್ವಸು ಮುಗಿದು ಪುಷ್ಯ ಮಳೆ ಹಿಡಿದಿತ್ತು, ಮುಳ್ಳಯ್ಯನಗಿರಿ ಕಡೆ ಏನೂ ಕಾಣ್ತಿರಲಿಲ್ಲ, ಬರೀ ಬಿಳಿ. ಬೆಳಿಗ್ಗೆ ಅಕ್ಕಿ ರೊಟ್ಟಿ, ಕಳಲೆ ಪಲ್ಯ ತಿಂದು ಕೈ ಚೆನ್ನಾಗಿ ತೊಳೆದು ಒರೆಸ್ಕೊಂಡು ಕೂತ್ವಿ. ಬಾಕ್ಸ್‌ಗಳನ್ನ ಬಂದ ದಿನವೇ ಒಡೀದೆ ಎರಡು ದಿನ ಬೀರು ಮೇಲೆ ಇಟ್ಟಿದ್ದೆ, ಮೇಲೆ ಅಂಟಿದ ಥಂಡಿ ಆರ್ಲಿ ಅಂತ. ಅಮ್ಮ ಕಟಿಂಗ್ ಟೇಬಲ್ ಆ ಒಂದು ದಿನಕ್ಕೆ ಪೂರ್ತಿ ಬಿಟ್ಟುಕೊಟ್ರು.

ಪ್ರೊಸೆಸರ್ ಕೂರಿಸೋದು ತಮ್ಮನ ಕೈಗೇ ಕೊಟ್ಟೆ. ಈಗಿನ ಎಎಂ5 ಸಾಕೆಟಲ್ಲಿ, ಅಂದ್ರೆ ಪ್ರೊಸೆಸರ್ ಕೂರೋ ಜಾಗದಲ್ಲಿ, ಪಿನ್ನುಗಳು ಬೋರ್ಡ್ ಕಡೇನೇ ಇರೋದು, 1718 ಪಿನ್ನು, ಕೂದಲಿನ ಥರ ಸಣ್ಣವು, ಟಾರ್ಚ್ ಹಿಡಿದು ಓರೆಯಾಗಿ ನೋಡಿದ್ರೆ ನಾಟಿ ಮಾಡಿದ ಗದ್ದೆ ಥರ ಸಾಲು ಸಾಲು ಹೊಳೀತವೆ. ಅದರ ಮೇಲೆ ಏನಾದ್ರೂ ಬಿದ್ದು ಒಂದು ಪಿನ್ ಬಗ್ಗಿದ್ರೂ ಬೋರ್ಡ್ ಹಾಳಾಗಬಹುದು. ಪ್ರೊಸೆಸರ್ ಮೂಲೇಲಿರೋ ಸಣ್ಣ ಚಿನ್ನದ ಬಣ್ಣದ ತ್ರಿಕೋನ ಸಾಕೆಟ್ಟಿನ ಗುರ್ತಿಗೆ ಸರಿ ಮಾಡಿ ಕೈ ಬಿಟ್ಟ, ಒತ್ತಬಾರದು, ಅದರ ತೂಕಕ್ಕೇ ಕೂತ್ಕೊಳ್ಳತ್ತೆ. ಆಮೇಲೆ ಲಿವರ್ ಅದುಮಬೇಕು, ಅದಕ್ಕೆ ನಾವು ಅನ್ಕೊಂಡಿದ್ದಕ್ಕಿಂತ ಜಾಸ್ತಿ ಬಲ ಬೇಕು, "ಅಣ್ಣಾ ಮುರಿಯತ್ತೆ ಅನ್ಸತ್ತೆ" ಅಂತ ಅವನ ಕೈ ನಡುಗ್ತಿತ್ತು, ನಾನು ಅವನ ಕೈ ಮೇಲೆ ಕೈ ಇಟ್ಟು ಅದುಮಿದೆ, ಪ್ಲಾಸ್ಟಿಕ್ ಮುಚ್ಚಳ ಟಕ್ ಅಂತ ಹಾರಿ ಬಂತು.

ಚಿಕ್ಕ ಕೇಸಲ್ಲಿ ಎಲ್ಲಕ್ಕಿಂತ ಮುಖ್ಯ ಯಾವುದು ಮೊದಲು ಯಾವುದು ಆಮೇಲೆ ಅನ್ನೋದು. ದೊಡ್ಡ ಕೇಸಲ್ಲಿ ಹೆಂಗೆ ಹಾಕಿದ್ರೂ ಆಮೇಲೆ ಕೈ ಹಾಕಿ ಸರಿ ಮಾಡ್ಬಹುದು, ಇಲ್ಲಿ ಕೈನೇ ಹೋಗಲ್ಲ. ರ‍್ಯಾಮು, ಎಸ್‌ಎಸ್‌ಡಿ (ಫೈಲೆಲ್ಲ ಇಡೋ ಡ್ರೈವು), ಕೂಲರ್ ಮೂರೂ ಬೋರ್ಡ್ ಹೊರಗಿದ್ದಾಗ್ಲೇ ಹಾಕಿದ್ವಿ. ಎಸ್‌ಎಸ್‌ಡಿ ಮೇಲಿನ ಹೀಟ್‌ಸಿಂಕಿಗೆ (ಬಿಸಿ ಎಳ್ಕೊಳ್ಳೋ ಲೋಹದ ಪಟ್ಟಿಗೆ) ಒಂದು ತೆಳು ಪ್ಲಾಸ್ಟಿಕ್ ಅಂಟಿಸಿರ್ತಾರೆ, ಅದನ್ನ ಕಿತ್ತು ಹಾಕಬೇಕು, ಮರೆತ್ರೆ ಬಿಸಿ ಹೀಟ್‌ಸಿಂಕಿಗೆ ಸರಿಯಾಗಿ ದಾಟೋದೇ ಇಲ್ಲ. ಆ ಎಸ್‌ಎಸ್‌ಡಿ ಸ್ಕ್ರೂನೇ ನಮ್ಮನ್ನ ಅರ್ಧ ಗಂಟೆ ಆಟ ಆಡಿಸಿದ್ದು. ಎಳ್ಳಿಗಿಂತ ಸ್ವಲ್ಪ ದೊಡ್ಡದು, ಸ್ಕ್ರೂಡ್ರೈವರ್ ತುದಿಯಿಂದ ಜಾರಿ ಎಲ್ಲೋ ಬಿತ್ತು. ಬೋರ್ಡಲ್ಲೇ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡು ಕರೆಂಟ್ ಕೊಟ್ಟಾಗ ಶಾರ್ಟ್ ಆದ್ರೆ ಎರಡು ವರ್ಷದ ಚೀಟಿ ಹೋಯ್ತು. ಟಾರ್ಚ್ ಹಾಕಿ, ಬೋರ್ಡ್ ನಿಧಾನಕ್ಕೆ ಎತ್ತಿ ಓರೆ ಮಾಡಿ, ಟೇಬಲ್ ಕೆಳಗೆ ಬಗ್ಗಿ ಹುಡುಕಿದ್ವಿ, ಇಲ್ಲ. ಆಗ ಅಮ್ಮ ತಮ್ಮ ಡಬ್ಬಿಯಿಂದ ಅಯಸ್ಕಾಂತ ತಂದ್ರು, ನೆಲಕ್ಕೆ ಬಿದ್ದ ಗುಂಡುಪಿನ್ನು ಸೂಜಿ ಆರಿಸಕ್ಕೆ ಅಂತ ಇಟ್ಕೊಂಡಿರೋದು, ನೆಲದ ಮೇಲೆ ರಂಗೋಲಿ ಗೆರೆ ಎಳೆದಂಗೆ ಆಡಿಸ್ತಾ ಬಂದ್ರು, ನಾಲ್ಕು ಗುಂಡುಪಿನ್ನು, ಒಂದು ಹುಕ್ಕು, ಅದರ ಜೊತೆ ನಮ್ಮ ಸ್ಕ್ರೂ ಅಂಟ್ಕೊಂಡು ಬಂತು.

ಪ್ರೊಸೆಸರಿನ ಪವರ್ ಕೇಬಲ್ ಬೋರ್ಡಿನ ಮೇಲಿನ ಮೂಲೇಗೆ ಹೋಗೋದು, ಅದನ್ನ ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲೇ ಚುಚ್ಚಿದ್ವಿ. ಕೊನೇಗೆ ಕಾರ್ಡು. ಸೈಡ್ ಪ್ಯಾನಲ್ ಹಾಕೋವಾಗ ಉಸಿರು ಬಿಗಿ ಹಿಡಿದಿದ್ದೆ, ಕೇಬಲ್ ಬಗ್ಗಿ ಪ್ಯಾನಲ್ಲಿಗೆ ತಾಗದೆ ಒಳಗೆ ಕೂತ್ಕೊಳ್ತು, ನಡುವೆ ಇನ್ನೂ ಒಂದು ಬೆರಳು ಜಾಗ.

ಮೂರು ಗಂಟೆಗೆ ಸ್ವಿಚ್ ಒತ್ತಿದ್ವಿ. ಫ್ಯಾನ್ ತಿರುಗ್ತು, ಲೈಟ್ ಬಂತು, ಮಾನಿಟರ್ ಮಾತ್ರ ಕಪ್ಪು. ಬೋರ್ಡ್ ಮೇಲೆ ರ‍್ಯಾಮ್ ಅಂತ ಬರೆದಿರೋ ಜಾಗದಲ್ಲಿ ಒಂದು ಹಳದಿ ದೀಪ ಉರೀತಾ ಇದೆ. ತಮ್ಮ ಆಫ್ ಮಾಡಣ ಅಂತ ಕೈ ಚಾಚ್ದ, ನಾನು ಬೇಡ ಅಂದೆ. ಈ ಪ್ಲಾಟ್‌ಫಾರ್ಮಲ್ಲಿ ಮೊದಲನೇ ಸಲ ಆನ್ ಮಾಡಿದಾಗ ಬೋರ್ಡು ಡಿಡಿಆರ್5 ರ‍್ಯಾಮ್ ಜೊತೆ ಹೊಂದಿಕೊಳ್ಳಕ್ಕೆ ಟೈಮ್ ತಗೊಳ್ಳತ್ತೆ, ಮೆಮೊರಿ ಟ್ರೈನಿಂಗ್ ಅಂತಾರೆ, ಸಿಗ್ನಲ್ಲಿನ ಟೈಮಿಂಗು ಒಂದೊಂದೇ ಪರೀಕ್ಷೆ ಮಾಡಿ ಸೆಟ್ ಮಾಡ್ಕೊಳ್ಳತ್ತೆ, ಅದಕ್ಕೆ ಕೆಲವು ನಿಮಿಷ ಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ರ‍್ಯಾಮ್ ಕೆಟ್ಟಿದೆ ಅಂತ ಬಿಚ್ಚಕ್ಕೆ ಹೋಗ್ತಾರೆ. ಗೊತ್ತಿದ್ರೂ ಆ ಕಪ್ಪು ಸ್ಕ್ರೀನ್ ಮುಂದೆ ಕೂರೋದು ಕಷ್ಟ ಮಾರಾಯ್ರೆ. ಒಂದು ನಿಮಿಷ ಆಯ್ತು, ಎರಡಾಯ್ತು, ಅಮ್ಮ ಮೆಷಿನ್ ನಿಲ್ಲಿಸಿ ನೋಡ್ತಿದ್ರು, ಅಷ್ಟರಲ್ಲಿ ಕರೆಂಟೇ ಹೋಯ್ತು.

ಮನೆ ಪೂರ್ತಿ ಕತ್ತಲೆ, ಹೆಂಚಿನ ಮೇಲೆ ಮಳೆ ಸದ್ದು. ತಮ್ಮನ ಮುಖ ನೋಡಕ್ಕಾಗ್ತಿರಲಿಲ್ಲ. ಏನೂ ಆಗಲ್ಲ ಕಣೋ, ಟ್ರೈನಿಂಗ್ ಅರ್ಧಕ್ಕೆ ನಿಂತ್ರೆ ಮತ್ತೆ ಮೊದಲಿಂದ ಮಾಡತ್ತೆ ಅಷ್ಟೇ, ಬೋರ್ಡನ್ನ ಎಬ್ಬಿಸೋ ಸಾಫ್ಟ್‌ವೇರ್ ಇದೆಯಲ್ಲ ಬಯೋಸ್, ಅದರ ಅಪ್‌ಡೇಟ್ ಮಾಡ್ತಿದ್ದಾಗ ಹೋಗಿದ್ರೆ ಬೋರ್ಡ್ ಸತ್ತೇ ಹೋಗಬಹುದಿತ್ತು, ನಾವು ಅದನ್ನ ಮುಟ್ಟೇ ಇಲ್ಲ ಅಂತ ಹೇಳ್ದೆ. ಹೇಳಿದ್ದು ಸರಿನೇ, ಆದ್ರೂ ನನ್ನ ಎದೇನೂ ಹೊಡ್ಕೋತಿತ್ತು. ಪ್ಲಗ್ ಕಿತ್ತಿಟ್ಟು ಕಾಫಿ ಕುಡಿದ್ವಿ. ಮುಕ್ಕಾಲು ಗಂಟೆ ಬಿಟ್ಟು ಕರೆಂಟು ಬಂತು, ಇನ್ನೂ ಹತ್ತು ನಿಮಿಷ ಕಾದು, ಮತ್ತೆ ಹೋಗಲ್ಲ ಅನ್ಸಿದ್ಮೇಲೆ ಒತ್ತಿದ್ವಿ. ಅದೇ ಕಪ್ಪು, ಅದೇ ಹಳದಿ ದೀಪ. ಆಮೇಲೆ ದೀಪ ಆರಿತು, ಸ್ಕ್ರೀನ್ ಮೇಲೆ ಬೋರ್ಡ್ ಕಂಪನಿಯ ಲೋಗೋ. ತಮ್ಮ ಕಿರುಚಿದ್ದು ಪಕ್ಕದ ಮನೆಯವ್ರಿಗೂ ಕೇಳಿಸ್ತು, ಅವರು ಏನಾಯ್ತು ಅಂತ ಬಾಗಿಲಿಗೆ ಬಂದ್ರು.

ಮಿಕ್ಕಿದ್ದು ಸಲೀಸು. ಮಾಡ್ಲೇಬೇಕಾದ್ದು ಎರಡಿದೆ, ಹೊಸಬರು ಇವನ್ನ ಬಿಟ್ಟುಬಿಡ್ತಾರೆ: ರ‍್ಯಾಮ್ ಸ್ಪೀಡ್ 6000 ಅಂತ ಬಾಕ್ಸ್ ಮೇಲಿದ್ರೂ ನಮ್ಮದು ಶುರುವಲ್ಲಿ 4800ಕ್ಕೇ ಓಡ್ತಿತ್ತು, ಬಯೋಸಿಗೆ ಹೋಗಿ ಎಕ್ಸ್‌ಪೋ ಅನ್ನೋ ಸೆಟ್ಟಿಂಗ್ ಆನ್ ಮಾಡ್ಬೇಕು, ಮಾಡಿದ್ಮೇಲೆ ಇನ್ನೊಂದು ಸಲ ಟ್ರೈನಿಂಗ್ ಆಗತ್ತೆ, ಗಾಬರಿ ಬೇಡ. ಮಾನಿಟರ್ ಸೆಕೆಂಡಿಗೆ 144 ಸಲ ಚಿತ್ರ ಬದಲಿಸೋ, ಅಂದ್ರೆ 144 ಹರ್ಟ್ಜ್‌ದಾದ್ರೂ ವಿಂಡೋಸಲ್ಲಿ ನೋಡಿದ್ರೆ 60ರಲ್ಲೇ ಇತ್ತು, ಕೈಯಿಂದ ಬದಲಾಯಿಸಬೇಕು. ತಮ್ಮನ ವ್ಯಾಲೊರಂಟ್ ಗೇಮ್ ಓಪನ್ ಆಗ್ಲಿಲ್ಲ, ವಿಂಡೋಸ್ 11ರಲ್ಲಿ ಅದಕ್ಕೆ ಬಯೋಸಲ್ಲಿ ಸೆಕ್ಯೂರ್ ಬೂಟ್ ಅನ್ನೋ ಸೆಟ್ಟಿಂಗ್ ಆನ್ ಇರ್ಲೇಬೇಕು, ಅದನ್ನ ಹುಡುಕಿ ಹಾಕೋ ಹೊತ್ತಿಗೆ ರಾತ್ರಿ ಒಂಬತ್ತು.

ಮಾರನೇ ದಿನವೇ ಐ.ಜಿ. ರೋಡಿಗೆ ಹೋಗಿ 600 ವಿಎ ಯುಪಿಎಸ್ ತಂದೆ. ಅದು ಕೊಡೋದು 360 ವ್ಯಾಟ್, ನಮ್ಮ ಪ್ರೊಸೆಸರ್ ಜಾಸ್ತಿ ಅಂದ್ರೆ 88, ಕಾರ್ಡ್ 115, ಮಿಕ್ಕಿದ್ದೆಲ್ಲ ಸೇರಿಸಿದ್ರೂ ಸಾಕು, ಆಟ ಮುಗಿಸಕ್ಕಲ್ಲ, ಸೇವ್ ಮಾಡಿ ಸರಿಯಾಗಿ ಆಫ್ ಮಾಡಕ್ಕೆ. ಬಯೋಸ್ ಅಪ್‌ಡೇಟ್ ಮಾಡಿದ್ದು ಅದು ಬಂದ್ಮೇಲೇನೇ. ನಮ್ಮೂರಲ್ಲಿ ಮಳೆಗಾಲದಲ್ಲಿ ಪಿಸಿ ಜೋಡಿಸೋರು ಯುಪಿಎಸ್ಸಿಗೆ ಮೊದಲೇ ದುಡ್ಡು ತೆಗೆದಿಡಿ, ಬೇಕಿದ್ರೆ ಕೇಸ್ ಸ್ವಲ್ಪ ಕಡಿಮೇದು ತಗೊಳ್ಳಿ.

ಈಗ ಸಂಜೆ ಹೊತ್ತು ಅಮ್ಮ ಮೆಷಿನ್ ತುಳೀತಿರ್ತಾರೆ, ಪಕ್ಕದಲ್ಲಿ ತಮ್ಮ ಹೆಡ್‌ಫೋನ್ ಹಾಕ್ಕೊಂಡಿರ್ತಾನೆ, ಡಬ್ಬಿಯ ಸದ್ದು ಮೆಷಿನ್ ಸದ್ದಲ್ಲಿ ಕೇಳೋದೇ ಇಲ್ಲ. ಮಳೆಗಾಲದ ಥಂಡೀಲಿ ಗೇಮ್ ಆಡೋವಾಗ ಪ್ರೊಸೆಸರ್ ಬಿಸಿ 70 ಡಿಗ್ರಿ ಆಸುಪಾಸು ಇತ್ತು. ಏಪ್ರಿಲಲ್ಲಿ ಅದೇ ಸಣ್ಣ ಕೂಲರಲ್ಲಿ 85 ದಾಟಿತು, 95ರ ತನಕ ತಡಕೊಳ್ಳೋ ಹಂಗೇ ಮಾಡಿರ್ತಾರೆ, ಆದ್ರೂ ಫ್ಯಾನ್ ಕೂಗೋದು ಅಮ್ಮನಿಗೆ ಹಿಂಸೆ ಆಗ್ತಿತ್ತು. ಒಂದು ಎತ್ತರದ ಟವರ್ ಕೂಲರ್ ಹಾಕಣ ಅಂತಿದೀವಿ. ಮೊನ್ನೆ ಪ್ಯಾನಲ್ ಬಿಚ್ಚಿ ನಾನು ಟೇಪ್ ಹಿಡಿದೆ, ಒಳಗೆ 15 ಸೆಂಟಿಮೀಟರ್ ಸಿಕ್ತು, ತಮ್ಮ ಫೋನಲ್ಲಿ ಹದಿನಾಲ್ಕು ಮುಕ್ಕಾಲಿಂದು ಒಂದು ತೋರಿಸ್ದ. ಅಮ್ಮ ತಲೆ ಎತ್ತದೇನೇ ಅಂದ್ರು, "ಇನ್ನೂ ಸ್ವಲ್ಪ ಗಿಡ್ಡದು ನೋಡು."