ಗಾರೆ ಮೆತ್ತುವ ಮೊದಲು

ನಮ್ಮದು ಮಡಿಕೇರಿಯಿಂದ ಭಾಗಮಂಡಲದ ಕಡೆ ಹೋಗುವ ದಾರಿಯ ಹಳೇ ತಾರಸಿ ಮನೆ. ಮೂರು ವರ್ಷದ ಹಿಂದೆ ಅಪ್ಪನಿಗೆ ಅಂತ ಮೇಲೊಂದು ರೂಮ್ ಎತ್ತಿಸಿದೆವು. ಕೆಳಗಿನ ಗೋಡೆಗಳಿಗೆ ಭಾರ ಜಾಸ್ತಿ ಆಗಬಾರದು ಅಂತ ಮರದ ಫ್ರೇಮ್ ಕಟ್ಟಿ, ಪ್ಲೈವುಡ್ ಬಡಿದು, ಅದರ ಮೇಲೆ ಕೋಳಿಬಲೆ ಹಾಕಿ ಸಿಮೆಂಟ್ ಗಾರೆ ಮೆತ್ತಿದ್ದರು. ನೋಡೋಕೆ ಚೆನ್ನಾಗಿಯೇ ಇತ್ತು. ಎರಡನೇ ಮಳೆಗಾಲಕ್ಕೆ ಪಶ್ಚಿಮದ ಕಿಟಕಿ ಕೆಳಗೆ ಗೋಡೆ ಹೊಟ್ಟೆ ಬಿಟ್ಟಿತು, ಅಪ್ಪನ ಕಂಬಳಿಗೆಲ್ಲ ಬೂಷ್ಟಿನ ವಾಸನೆ. ಗಾರೆ ಒಡೆದು ನೋಡಿದರೆ ಪ್ಲೈವುಡ್ ಪದರ ಪದರವಾಗಿ ಕೈಗೆ ಬಂತು. ಬೆರಳಿಟ್ಟು ಒತ್ತಿದರೆ ಒಳಗೆ ಹೋಗುತ್ತಿತ್ತು.

ಗಾರೆ ನೀರು ತಡೆಯುತ್ತದೆ ಅಂತ ನಾವು ನಂಬಿದ್ದೇ ತಪ್ಪು. ಸಿಮೆಂಟ್ ಗಾರೆ ನೀರು ಕುಡಿಯುತ್ತದೆ. ಸಣ್ಣ ಬಿರುಕು ಬಿಟ್ಟರಂತೂ ಕೇಳೋದೇ ಬೇಡ. ನಮ್ಮ ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಗಾಳಿ ಜೊತೆ ಅಡ್ಡಡ್ಡ ಬಂದು ಗೋಡೆಗೆ ಬಡಿಯುತ್ತದೆ ಅಲ್ವಾ, ಅದೂ ದಿನಗಟ್ಟಲೆ. ಹಾಗಾಗಿ ನೀರು ಗಾರೆ ದಾಟಿ ಬಂದೇ ಬರುತ್ತದೆ ಅಂತ ಇಟ್ಟುಕೊಂಡೇ ಕೆಲಸ ಮಾಡಬೇಕು. ಬಂದ ನೀರು ಮರ ಮುಟ್ಟದೆ ಕೆಳಗಿಳಿದು ಹೊರಗೆ ಹೋಗಬೇಕು. ಅದಕ್ಕೇ ಗಾರೆ ಹಿಂದೆ, ಪ್ಲೈವುಡ್ ಮೇಲೆ, ನೀರು ತಡೆಯುವ ಪೇಪರ್ ಹೊಡೆಯೋದು.

ಈ ಸಲ ಕಾಫಿ ಕುಯ್ಲು ಮುಗಿದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ, ಆ ಗೋಡೆ ಪೂರ್ತಿ ಬಿಚ್ಚಿಸಿದೆ. ಮೇಸ್ತ್ರಿ ಹೊಸಬರು. "ಅಕ್ಕಾ, ಸಿಮೆಂಟ್ ಸ್ವಲ್ಪ ಜಾಸ್ತಿ ಹಾಕಿದರೆ ಆಯ್ತು, ಪೇಪರ್ ಯಾಕೆ?" ಅಂದರು. ಸಿಮೆಂಟ್ ಜಾಸ್ತಿಯಾದರೆ ಒಣಗುವಾಗ ಬಿರುಕು ಇನ್ನೂ ಜಾಸ್ತಿ ಅಂದೆ. "ಮನೆಗೆ ಹೆಂಚು ಹೇಗೆ ಹೊದಿಸುತ್ತೀರಿ? ಹಾಗೇ ಪೇಪರ್ ಹೊಡೆಯಿರಿ" ಅಂದ ಮೇಲೆ ಅವರಿಗೆ ತಟ್ಟನೆ ಹಿಡಿಸಿತು. ಆಮೇಲೆ ನಾನು ಏನೂ ಹೇಳಬೇಕಾಗಲಿಲ್ಲ.

ಡಾಂಬರು ಹಿಡಿಸಿದ ಬಿಲ್ಡಿಂಗ್ ಪೇಪರ್ ತರಿಸಿದೆವು. ಸುಮ್ನೆ ಪ್ಲಾಸ್ಟಿಕ್ ಶೀಟ್ ಹಾಕಿಬಿಡಿ ಅಂತ ಹೇಳಿದವರೂ ಇದ್ದರು, ದಯವಿಟ್ಟು ಬೇಡ. ಪ್ಲಾಸ್ಟಿಕ್ ಹಿಂದೆ ಸೇರಿದ ತೇವ ಆರೋದಿಲ್ಲ, ಮರ ಅಲ್ಲೇ ಕೊಳೆಯುತ್ತದೆ. ಪೇಪರ್ ಕೆಳಗಿನಿಂದ ಮೇಲಕ್ಕೆ ಬರಬೇಕು. ಮೇಲಿನದು ಕೆಳಗಿನದರ ಮೇಲೆ ಕಡಿಮೆ ಅಂದರೂ 2 ಇಂಚು, ಪಕ್ಕದ ಜೋಡಣೆಯಲ್ಲಿ 6 ಇಂಚು. ಮೂಲೆಯಲ್ಲಿ ಜೋಡಣೆ ಇಡಬೇಡಿ, ಸುತ್ತಿಸಿ ಆಚೆ ಗೋಡೆಗೆ ತನ್ನಿ. ಮತ್ತೆ ಎರಡು ಪದರ ಬೇಕೇ ಬೇಕು. ಹೊರಗಿನ ಪದರ ಗಾರೆಗೆ ಅಂಟಿಕೊಳ್ಳುತ್ತದೆ, ಒಳಗಿನದು ಅಂಟದೆ ಉಳಿಯುತ್ತದೆ, ನೀರು ಇಳಿಯೋದು ಅವೆರಡರ ಮಧ್ಯೆ. ಒಂದೇ ಪದರ ಹಾಕಿದರೆ ಆ ದಾರಿಯೇ ಇರುವುದಿಲ್ಲ.

ಕಿಟಕಿಗೆ ನಾನೇ ಪಕ್ಕದಲ್ಲಿ ನಿಂತಿದ್ದೆ, ಕಳೆದ ಸಲ ಕೆಟ್ಟಿದ್ದೇ ಅಲ್ಲಿ. ಮೊದಲು ಕೆಳಗಿನ ಪೇಪರ್ ಪಟ್ಟಿ, ಆಮೇಲೆ ಎರಡು ಪಕ್ಕ, ಕೊನೆಗೆ ತಲೆ ಮೇಲಿನದು. ತಲೆಪಟ್ಟಿಯ ಮೇಲಂಚು ಗೋಡೆ ಪೇಪರಿನ ಅಡಿಗೆ ಹೋಗಬೇಕು. ಇದು ತಿರುಗಾಮುರುಗಾ ಆದರೆ ಪೇಪರೇ ನೀರನ್ನು ಒಳಗೆ ಬಿಟ್ಟುಕೊಡುತ್ತದೆ. ಪೇಪರ್ ಹಾಕಿದ ಮೇಲೆ ಹೋಸ್ ಪೈಪ್ ಹಿಡಿದು ಕಿಟಕಿ ಮೇಲೆ ಕಾಲು ಗಂಟೆ ನೀರು ಬಿಟ್ಟೆವು, ಅತ್ತಿಗೆ ಒಳಗೆ ಟಾರ್ಚ್ ಹಿಡಿದು ಕೂತಿದ್ದರು. ಎಡಗಡೆ ಮೂಲೆಯಲ್ಲಿ ಒಂದು ಹನಿ ಬಂತು. ಬಿಚ್ಚಿ ಮತ್ತೆ ಹಾಕಿದೆವು.

ಗೋಡೆಯ ಬುಡಕ್ಕೆ ತೂತಿರುವ ಜಿಐ (ಜಿಂಕ್ ಹಿಡಿಸಿದ ತಗಡು) ಪಟ್ಟಿ ಬೇಕು, ನೀರು ಹೊರಗೆ ಬರೋದು ಅಲ್ಲಿಂದಲೇ. ರೆಡಿಮೇಡ್ ಸಿಗಲಿಲ್ಲ, ತಗಡಿನ ಕೆಲಸದವರ ಹತ್ತಿರ ಬಗ್ಗಿಸಿ ಮಾಡಿಸಿದೆ. ಪೇಪರ್ ಈ ಪಟ್ಟಿಯ ಮೇಲೆ ಇಳಿಯಬೇಕು, ಹಿಂದೆ ಅಲ್ಲ. ಮಣ್ಣಿನ ನೆಲವಾದರೆ 4 ಇಂಚು ಎತ್ತರದಲ್ಲಿ, ಸಿಮೆಂಟ್ ನೆಲವಾದರೆ 2 ಇಂಚು. ನಮ್ಮ ತಾರಸಿಯಲ್ಲಿ ನೀರು ಎರಚುವುದರಿಂದ 4 ಇಂಚೇ ಬಿಟ್ಟೆವು.

ಕೋಳಿಬಲೆ ಬದಲು ಈ ಸಲ ಜಿಂಕ್ ಹಿಡಿಸಿದ ಮೆಟಲ್ ಲಾತ್, ಅಂದರೆ ಗಾರೆ ಹಿಡಿಯೋಕೆ ಮಾಡಿದ ತಗಡಿನ ಜಾಲರಿ. ಅದರಲ್ಲಿ ಸಣ್ಣ ಉಬ್ಬುಗಳಿರುತ್ತವೆ, ಜಾಲರಿ ಪೇಪರಿನಿಂದ ಸುಮಾರು 6 ಮಿ.ಮೀ. ದೂರ ನಿಲ್ಲುತ್ತದೆ. ಗಾರೆ ಹಿಂದಕ್ಕೂ ಹೋಗಿ ಜಾಲರಿಯನ್ನು ಕಚ್ಚಿ ಹಿಡಿಯುತ್ತದೆ. ಇದಕ್ಕೆ ತಲೆ-ಬುಡ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೈಯನ್ನು ಮೇಲಿಂದ ಕೆಳಗೆ ಸವರಿದರೆ ತರಚಬೇಕು, ಕೆಳಗಿಂದ ಮೇಲೆ ಸವರಿದರೆ ನಯವಾಗಿರಬೇಕು. ಆಗ ಪ್ರತಿ ಕಣ್ಣೂ ಗಾರೆಯನ್ನು ತಟ್ಟೆ ಹಾಗೆ ಹಿಡಿದುಕೊಳ್ಳುತ್ತದೆ. ಮೊಳೆ 6 ಇಂಚಿಗೊಂದು, ಒಳಗಿನ ಮರದ ಕಂಬಕ್ಕೇ ಬೀಳಬೇಕು. ಬರೀ ಪ್ಲೈವುಡ್‌ಗೆ ಹೊಡೆದರೆ ಹಿಡಿತವಿಲ್ಲ, ಪೇಪರಿಗೆ ತೂತು ಮಾತ್ರ ಲಾಭ.

ಗಾರೆ ಮೂರು ಸಲ, ಒಟ್ಟು ಸುಮಾರು 22 ಮಿ.ಮೀ. ಮೊದಲ ಕೋಟ್ ಮೇಲೆ ಅಡ್ಡಗೆರೆ ಎಳೆಸಿ, ನೀರು ಹೊಡೆದು ಒದ್ದೆಯಾಗಿಟ್ಟಿದ್ದೆವು.

ಈಗ ಜುಲೈ. ನಿನ್ನೆಯಿಂದ ಬಿಡದೆ ಸುರಿಯುತ್ತಿದೆ, ಬುಡದ ಪಟ್ಟಿಯ ತೂತುಗಳಿಂದ ನೀರು ತೊಟ್ಟಿಕ್ಕುತ್ತಿದೆ. ಉತ್ತರದ ಗೋಡೆ ಇನ್ನೂ ಹಳೇದೇ, ಅದಕ್ಕೆ ಟಾರ್ಪಾಲು ಕಟ್ಟಿದ್ದೇವೆ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ ಅದನ್ನು ಬಿಚ್ಚಿಸಬೇಕು, ಪೇಪರ್ ಎರಡು ರೋಲ್ ಉಳಿದಿದೆ.