ಅಕ್ಕ ತಂದ ಬಾಟಲಿ

12 ನವೆಂಬರ್ 2024, ಮಂಗಳವಾರ, ರಾತ್ರಿ 11

ಆಕಳಿಸಿದಾಗ ಇವತ್ತೂ ಎಡಗಿವಿಯ ಮುಂದೆ ‘ಟಕ್’ ಅಂತು. ಬೆರಳಿಟ್ಟು ನೋಡಿದೆ. ಬಾಯಿ ತೆರೆದರೆ ಒಳಗೆ ಗುಂಡಗಿನದೇನೋ ಮುಂದಕ್ಕೆ ಜಾರುತ್ತೆ, ಮುಚ್ಚಿದರೆ ಹಿಂದಕ್ಕೆ ಹೋಗಿ ಕೂರುತ್ತೆ. ಎಡಗಡೆ ಮಾತ್ರ ಒಂದು ಕ್ಷಣ ತಡೆದು, ಆಮೇಲೆ ಹಾರಿದ ಹಾಗೆ. ದವಡೆ ಕೀಲಿನ ಎರಡು ಮೂಳೆಗಳ ನಡುವಿನ ತೆಳು ಬಿಲ್ಲೆ ಜಾಗ ಬಿಟ್ಟು ಸರಿದಿದೆ ಅಂತ ಡಾಕ್ಟರ್ ಹೇಳಿದ್ದರು.

ಐಬುಪ್ರೊಫೇನ್ ಹತ್ತು ದಿನ ತಗೊಂಡೆ. ನೋವು ಇಳಿಯಿತು, ಹೊಟ್ಟೆ ಉರಿ ಶುರುವಾಯಿತು. ಎರಡಕ್ಕೂ ಕಾರಣ ಒಂದೇ. ನೋವು, ಊತ ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ ಹುಟ್ಟದ ಹಾಗೆ ಈ ಮಾತ್ರೆ ತಡೆಯುತ್ತೆ. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯೋದೂ ಅದೇ ಪ್ರೊಸ್ಟಗ್ಲಾಂಡಿನ್.

ಸಂಜೆ ಅಕ್ಕ ಬಂದಳು. ಕೂರುವ ಮೊದಲೇ ಚೀಲದಿಂದ ಒಂದು ಬಾಟಲಿ ತೆಗೆದು ನನ್ನ ಕೈಗಿಟ್ಟಳು.

“ಆ ಮಾತ್ರೆ ಸಾಕು ಬಿಡೆ. ಇದು ಅರಿಶಿನದ್ದು. ನೈಸರ್ಗಿಕ ಅಂದ್ಮೇಲೆ ತೊಂದರೆ ಏನಿರುತ್ತೆ?”

“ವಿಲೋ ಮರದ ತೊಗಟೆಯ ಜಾಡು ಹಿಡಿದೇ 1897ರಲ್ಲಿ ಆಸ್ಪಿರಿನ್ ಮಾಡಿದ್ದು ಅಲ್ವಾ ಅಕ್ಕ? ಗಿಡದ್ದು, ಕಾರ್ಖಾನೆಯದ್ದು ಅಂತ ದೇಹ ಕೇಳಲ್ಲ.”

ಅವಳ ಮುಖ ಸಪ್ಪಗಾಯಿತು. ಪ್ರೀತಿಯಿಂದ ತಂದಿದ್ದಳು. ಹಾಗೆ ಹೇಳಬಾರದಿತ್ತು ಅನ್ನಿಸಿತು. ಅವಳ ಮಾತಲ್ಲಿ ಹುರುಳಿಲ್ಲ ಅಂತೇನೂ ಅಲ್ಲ. ದವಡೆ ಕೀಲು ಸವೆದವರಿಗೆ ಸಾಮಾನ್ಯವಾಗಿ ಏಡಿ, ಸಿಗಡಿ ಚಿಪ್ಪಿನಿಂದ ತೆಗೆಯುವ ಗ್ಲುಕೋಸಮೈನ್ ಮತ್ತು ಐಬುಪ್ರೊಫೇನ್ ಮೂರು ತಿಂಗಳು ಕೊಟ್ಟು ಹೋಲಿಸಿದ ಒಂದು ಪ್ರಯೋಗ 2001ರಲ್ಲಿ ಬಂದಿತ್ತು. ಎರಡೂ ಗುಂಪಲ್ಲಿ ನೋವು ಇಳಿದಿತ್ತು. ಆದರೆ ಹೋಲಿಸೋಕೆ ಔಷಧಿಯಿಲ್ಲದ ಖಾಲಿ ಮಾತ್ರೆಯ ಗುಂಪು ಇರಲಿಲ್ಲ. ಈ ನೋವು ಎಷ್ಟೋ ಸಲ ತಾನಾಗೇ ಇಳಿಯುತ್ತೆ. ಹಾಗಿರುವಾಗ ಗೆದ್ದಿದ್ದು ಮಾತ್ರೆಯೋ ದಿನಗಳೋ?

ಬಾಟಲಿ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಕರ್ಕ್ಯುಮಿನ್, ಜೊತೆಗೆ ಕಾಳುಮೆಣಸಿನ ಪೈಪರಿನ್. ಕರ್ಕ್ಯುಮಿನ್ ಬರೀ ನುಂಗಿದರೆ ರಕ್ತಕ್ಕೆ ಸೇರೋದು ತುಂಬಾ ಕಡಿಮೆ. ಪೈಪರಿನ್ ಅದನ್ನು ಎಷ್ಟೋ ಪಟ್ಟು ಹೆಚ್ಚಿಸುತ್ತೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಸುಮಾರು 3 ಭಾಗ. ಈ ಬಾಟಲಿಯಲ್ಲಿರೋದು ಸೋಸಿ ತೆಗೆದ ಸಾರ. ಇದು ಔಷಧಿಯೇ.

“ನಾನೂ ಒಂದು ತಿಂಗಳಿಂದ ತಗೋತಿದೀನಿ, ಮಂಡಿಗೆ” ಅಂದಳು ಅಕ್ಕ.

ನನ್ನ ಕೈ ತಣ್ಣಗಾಯಿತು. ಅಕ್ಕ ಎರಡು ವರ್ಷದಿಂದ ವಾರ್ಫರಿನ್ ಮೇಲಿದ್ದಾಳೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಟ್ಟಿರೋದು. ಅರಿಶಿನದ ಇಂಥ ಮಾತ್ರೆ ಅದರ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಅಂತ 2018ರಲ್ಲೇ ನ್ಯೂಜಿಲೆಂಡ್‌ನ ಔಷಧಿ ನಿಯಂತ್ರಣ ಸಂಸ್ಥೆ ಮೆಡ್‌ಸೇಫ್ ಎಚ್ಚರಿಸಿತ್ತು. ಒಬ್ಬ ರೋಗಿಯ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟೋದು ಎಷ್ಟು ತಡ ಅಂತ ತೋರಿಸುವ ಅಂಕಿ, 10 ದಾಟಿತ್ತು. ವಾರ್ಫರಿನ್ ತಗೊಳ್ಳೋರಿಗೆ ಅದು ಸಾಮಾನ್ಯವಾಗಿ 2ರಿಂದ 3ರೊಳಗೆ ಇರಲಿ ಅಂತಾರೆ.

“ಡಾಕ್ಟರಿಗೆ ಹೇಳಿದೀಯಾ?”

“ಇದನ್ನೇನು ಹೇಳೋದು?”

ಅವಳ ಮುಂಗೈ ಹಿಡಿದು ನೋಡಿದೆ. ಮೊಣಕೈ ಹತ್ತಿರ ನೀಲಿಗಟ್ಟಿದ ಕಲೆ, ಒಂದು ನಾಣ್ಯದಷ್ಟು. ಎಲ್ಲಿ ತಾಗಿತ್ತೋ ನೆನಪಿಲ್ಲವಂತೆ.

ಅಲ್ಲಿಂದಲೇ ಅವಳ ಡಾಕ್ಟರಿಗೆ ಫೋನ್ ಮಾಡಿದೆವು. ಇವತ್ತಿಂದಲೇ ಆ ಮಾತ್ರೆ ನಿಲ್ಲಿಸಿ, ಬೆಳಗ್ಗೆ ಮೊದಲು ಐಎನ್‌ಆರ್ ಮಾಡಿಸಿ ಅಂದರು. ಮಂಡಿಗೆ ಐಬುಪ್ರೊಫೇನೂ ಬೇಡ, ವಾರ್ಫರಿನ್ ಜೊತೆ ಅದೂ ರಕ್ತ ಸುರಿಸುತ್ತೆ ಅಂದರು. ಹಾಗಾದರೆ ಅವಳಿಗೆ ಎರಡೂ ಇಲ್ಲ. ಮಂಡಿ ನೋವು ಮಾತ್ರ ಹಾಗೇ ಇದೆ.

ಬಾಟಲಿ ನನ್ನ ಮೇಜಿನ ಮೇಲೇ ಉಳಿದಿದೆ. ಇಷ್ಟು ಬರೆಯುವಷ್ಟರಲ್ಲಿ ಹಲ್ಲು ಬಿಗಿಯಾಗಿ ಕಚ್ಚಿಕೊಂಡಿದ್ದೆ. ಸುಮ್ನೆ ಇರುವಾಗ ಮೇಲಿನ ಹಲ್ಲು, ಕೆಳಗಿನ ಹಲ್ಲು ತಾಗಬಾರದು ಅಂತ ಡಾಕ್ಟರ್ ಹೇಳಿದ್ದು ನೆನಪಾಗಿ ಬಿಟ್ಟೆ. ಎರಡೇ ಸಾಲಿಗೆ ಮತ್ತೆ ಕಚ್ಚಿದ್ದೇನೆ. ಬೆಳಗ್ಗೆ ಆರಕ್ಕೇ ಅಕ್ಕನ ಮನೆಗೆ ಹೋಗಬೇಕು, ರಿಪೋರ್ಟ್ ಬರೋವರೆಗೆ...