ಸಬಿಕಾಸ್ ಅವರ ಬೆರಳುಗಳು

ಶಿರಸಿಯ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿಗಳಿಗೆ ಈ ವರ್ಷ ಸಬಿಕಾಸ್ ಅವರ ಗಿಟಾರ್ ಜೊತೆಯಾಗಿದೆ. 1912ರಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ ಹುಟ್ಟಿದ ರೋಮಾನಿ (ಜಿಪ್ಸಿ) ಸಮುದಾಯದ ಕಲಾವಿದರು; ಹಾಡು, ಗಿಟಾರ್, ಕುಣಿತ ಬೆರೆತ ಅಲ್ಲಿನ ಫ್ಲಮೆಂಕೊ ಕಲೆಯ ಗಿಟಾರ್ ವಾದಕರು. ಹೆಚ್ಚುಕಡಿಮೆ ತಾವೇ ಕಲಿತವರು. 1936ರಲ್ಲಿ ಅಂತರ್ಯುದ್ಧ ಶುರುವಾದಾಗ ದೇಶ ಬಿಟ್ಟರು, ಕೊನೆಗೆ ನ್ಯೂಯಾರ್ಕ್‌ನಲ್ಲಿ ನೆಲೆಸಿದರು. 1990ರಲ್ಲಿ ಅಲ್ಲೇ ತೀರಿಕೊಂಡರು.

ನಾನು ಮದ್ದಳೆ ನುಡಿಸುವವನು. ಹಾಗಾಗಿ ಫ್ಲಮೆಂಕೊ ನರ್ತಕಿ ಕಾರ್ಮೆನ್ ಅಮಾಯಾ ಜೊತೆಗಿನ ಅವರ ಧ್ವನಿಮುದ್ರಣಗಳೆಂದರೆ ನನಗೆ ಪ್ರಾಣ. ಆಕೆಯ ಹಿಮ್ಮಡಿ ಎಷ್ಟೇ ವೇಗವಾಗಿ ನೆಲಕ್ಕೆ ಬಡಿಯಲಿ, ಇವರ ಕೈ ಕೂದಲೆಳೆಯಷ್ಟೂ ಹಿಂದೆ ಬೀಳುವುದಿಲ್ಲ. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಬಿಚ್ಚುತ್ತ ತಂತಿಗಳ ಮೇಲೆ ಉಗುರು ಹಾಯಿಸುವ ಹೊಡೆತದಲ್ಲಿ ಪ್ರತಿ ಬೆರಳೂ ಬೇರೆಯಾಗಿ ಕೇಳಿಸುತ್ತದೆ! ಕುಣಿಯುವವರ ಕಾಲು ನೋಡಿ ನುಡಿಸುವುದು ಎಷ್ಟು ಕಷ್ಟವೆಂದು ಬಡಗುತಿಟ್ಟಿನ ಯಾವ ಮದ್ದಳೆಗಾರರನ್ನು ಕೇಳಿದರೂ ಹೇಳುತ್ತಾರೆ. ಮುಂದೆ ಫ್ಲಮೆಂಕೊ ಗಿಟಾರ್‌ನಲ್ಲಿ ಹೆಸರಾದ ಪಾಕೊ ದೆ ಲೂಸಿಯಾಗೆ ಎಳೆಯ ವಯಸ್ಸಿನಲ್ಲಿ ಸ್ವಂತ ಸಂಗೀತ ಕಟ್ಟುವಂತೆ ಹೇಳಿದವರೂ ಸಬಿಕಾಸ್ ಅವರೇ.